ವಿದ್ಯುತ್ ಗಾಡಿಯೂ ಮಲೆನಾಡಿನ ಇಳಿಜಾರೂ

ಇತಿಹಾಸ, ಅರ್ಥಶಾಸ್ತ್ರ, ಐಚ್ಛಿಕ ಕನ್ನಡಗಳನ್ನು ಓದುವ ಬಿ.ಎ. ತರಗತಿಯ ವಿದ್ಯಾರ್ಥಿಯೊಬ್ಬನು ಮೋಟಾರು ಗಾಡಿಯ ಚಕ್ರಗಳ ವಿಚಾರವಾಗಿ ಲೇಖನ ಬರೆಯಹೊರಟರೆ ವಾಚಕರು ಹುಬ್ಬೇರಿಸುವುದು ಸಹಜ. ಆದರೆ ನಮ್ಮ ಕಾಲೇಜಿಗೆ ಬರುವವರಲ್ಲಿ ಅನೇಕರು ತೋಟದ ಲೈನುಗಳಿಂದಲೂ ಗುಡ್ಡದ ಮೇಲಣ ಒಂಟಿಮನೆಗಳಿಂದಲೂ ಬರುವವರು. ಮಳೆಗಾಲದಲ್ಲಿ ಗಾಡಿ ಮನೆಯವರೆಗೆ ಏರೀತೇ, ಏರಿದ ಮೇಲೆ ಕ್ಷೇಮವಾಗಿ ಇಳಿದೀತೇ ಎಂಬುದು ನಮ್ಮವರಿಗೆ ವಿನೋದದ ಪ್ರಶ್ನೆಯಲ್ಲ. ಹೆರಿಗೆಯ ಹೆಂಗಸನ್ನು ಆಸ್ಪತ್ರೆಗೆ ಮುಟ್ಟಿಸುವುದೂ, ಕಾಫಿ ಮೂಟೆಯನ್ನು ಪೇಟೆಗೆ ಸಾಗಿಸುವುದೂ ಈ ಪ್ರಶ್ನೆಯನ್ನೇ ಅವಲಂಬಿಸಿವೆ. ಇದಕ್ಕಿಂತ ಹತ್ತಿರದ ಕಾರಣವೂ ಒಂದುಂಟು. ನನ್ನ ತಂದೆಯವರು ಕಾಫಿ ತೋಟವೊಂದರಲ್ಲಿ ಇಪ್ಪತ್ತೆರಡು ವರ್ಷಗಳಿಂದ ಜೀಪು ಓಡಿಸುತ್ತಿದ್ದಾರೆ. ಈಚೆಗೆ ಆ ತೋಟದ ಮಾಲೀಕರು ಎರಡು ಮೋಟಾರುಗಳುಳ್ಳ ವಿದ್ಯುತ್ ಎಸ್‌ಯುವಿ ಗಾಡಿಯೊಂದನ್ನು ಕೊಂಡರು. ಅದರ ಕೈಪಿಡಿ ಇಂಗ್ಲಿಷಿನಲ್ಲಿದ್ದಿತು. ತಂದೆಯವರಿಗೆ ಇಂಗ್ಲಿಷು ಬಾರದು. ಆದುದರಿಂದ ಅದನ್ನು ಓದಿ, ಅರ್ಥಮಾಡಿಕೊಂಡು, ಕನ್ನಡದಲ್ಲಿ ಅವರಿಗೆ ಹೇಳುವ ಹೊಣೆ ನನ್ನ ಪಾಲಿಗೆ ಬಂದಿತು. ಹಾಗೆ ಹೇಳುತ್ತ ಹೇಳುತ್ತ ನನಗೆ ಸ್ಪಷ್ಟವಾದ ವಿಷಯಗಳನ್ನೇ ಇಲ್ಲಿ ಕ್ರಮವಾಗಿ ವಿವರಿಸಲು ಯತ್ನಿಸಿದ್ದೇನೆ.

ಇಂದು ಮಾರಾಟವಾಗುತ್ತಿರುವ ಅನೇಕ ವಿದ್ಯುತ್ ಎಸ್‌ಯುವಿಗಳಲ್ಲಿ ನೆಲದ ಗುಣವನ್ನನುಸರಿಸಿ ಆರಿಸಿಕೊಳ್ಳಬಹುದಾದ ಹಲವು ‘ಮೋಡ್’ಗಳಿರುತ್ತವೆ. ನಮ್ಮ ದೇಶದಲ್ಲಿಯೇ ತಯಾರಾಗಿ ೨೦೨೫ನೆಯ ಇಸವಿಯ ಜೂನ್ ತಿಂಗಳಲ್ಲಿ ಮಾರುಕಟ್ಟೆಗೆ ಬಂದ ಟಾಟಾ ಹ್ಯಾರಿಯರ್ ಇವಿಯನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಅದರ ನಾಲ್ಕು ಚಕ್ರಗಳಿಗೂ ಚಾಲನೆಯುಳ್ಳ ಮಾದರಿಯಲ್ಲಿ ಮುಂದಿನ ಚಕ್ರಗಳಿಗೆ ೧೧೬ ಕಿಲೋವಾಟಿನ ಒಂದು ಮೋಟಾರು, ಹಿಂದಿನ ಚಕ್ರಗಳಿಗೆ ೧೭೫ ಕಿಲೋವಾಟಿನ ಇನ್ನೊಂದು ಮೋಟಾರು ಇವೆ. ಸಾಮಾನ್ಯ ರಸ್ತೆ, ಹಿಮ ಅಥವಾ ಹುಲ್ಲು, ಕೆಸರು, ಮರಳು, ಬಂಡೆ ಎಂದು ಬೇರೆ ಬೇರೆ ಮೋಡ್‌ಗಳೂ, ಚಾಲಕನು ತನಗೆ ಬೇಕಾದಂತೆ ಹೊಂದಿಸಿಕೊಳ್ಳುವ ಮತ್ತೊಂದೂ ಅದರಲ್ಲಿವೆ. ಇವನ್ನು ನೋಡಿದವರು ಗುಂಡಿಯೊಂದನ್ನು ತಿರುಗಿಸಿದೊಡನೆ ಗಾಡಿಗೆ ಹೊಸದೊಂದು ಶಕ್ತಿ ಬರುತ್ತದೆಂದು ಭಾವಿಸುವುದುಂಟು. ಅದು ಹಾಗಲ್ಲವೆಂಬುದೇ ಈ ಲೇಖನದ ಮುಖ್ಯ ಮಾತು. ನೆಲವು ಕೊಡದ ಹಿಡಿತವನ್ನು ಯಾವ ಮೋಡೂ ಕೊಡಲಾರದು. ಕೊಟ್ಟಷ್ಟನ್ನು ಪೋಲಾಗದಂತೆ ಹಂಚಿಕೊಡುವುದಷ್ಟೇ ಅದರ ಕೆಲಸ.

ಮೊದಲು ಹಿಡಿತವೆಂದರೆ ಏನೆಂಬುದನ್ನು ನೋಡೋಣ. ಟಯರು ತನ್ನ ಮೇಲಿರುವ ಭಾರದಿಂದ ನೆಲವನ್ನು ಒತ್ತುತ್ತದೆ. ಆ ಒತ್ತುವಿಕೆಯ ಇಂತಿಷ್ಟು ಪಾಲನ್ನು ನೆಲವು ಗಾಡಿಯನ್ನು ನೂಕುವ ಅಥವಾ ತಡೆಯುವ ಬಲವಾಗಿ ಹಿಂದಿರುಗಿಸುತ್ತದೆ. ಒಣಗಿದ ಡಾಂಬರಿನ ಮೇಲೆ ನೂರಕ್ಕೆ ಎಪ್ಪತ್ತು ಎಂಬತ್ತು ಪಾಲು ದೊರೆಯುವುದುಂಟು. ನೆನೆದ ಜೇಡಿಮಣ್ಣಿನಲ್ಲಿ ಅದು ಇಪ್ಪತ್ತು ಮೂವತ್ತಕ್ಕೆ ಇಳಿಯಬಹುದು. ಪಾಚಿಗಟ್ಟಿದ ಕಲ್ಲಿನ ಮೇಲೆ ಅದಕ್ಕಿಂತಲೂ ಕಡಿಮೆ. ಈಗ ನಾಲ್ಕು ಅಡಿ ಮುಂದೆ ಹೋದರೆ ಒಂದು ಅಡಿ ಇಳಿಯುವ ದಾರಿಯೊಂದನ್ನು ಕಲ್ಪಿಸಿಕೊಳ್ಳಿ. ಅಂಥ ದಾರಿಯಲ್ಲಿ ಗಾಡಿಯು ಜಾರದೆ ನಿಲ್ಲಬೇಕಾದರೆ ನಾಲ್ಕು ಚಕ್ರಗಳ ಬ್ರೇಕು ಹಿಡಿದಿದ್ದರೂ ನೂರಕ್ಕೆ ಇಪ್ಪತ್ತೈದು ಪಾಲು ಹಿಡಿತ ಬೇಕೇ ಬೇಕು. ನೆಲವು ಇಪ್ಪತ್ತನ್ನೇ ಕೊಡುವುದಾದರೆ ಆ ಗಾಡಿ ಎಷ್ಟು ಬೆಲೆಯದಾದರೂ ಜಾರಿಯೇ ಜಾರುತ್ತದೆ. ಇದು ಲೆಕ್ಕದ ಮಾತು. ಯಂತ್ರವನ್ನು ಕಟ್ಟಿದವರ ಜಾಣತನಕ್ಕೆ ಇದರಲ್ಲಿ ಪ್ರವೇಶವಿಲ್ಲ.

ಇದೇ ದಾರಿಯನ್ನು ಏರುವಾಗ ಇನ್ನೊಂದು ಸಂಗತಿ ತಿಳಿದುಬರುತ್ತದೆ. ಎರಡೇ ಚಕ್ರಗಳಿಗೆ ಚಾಲನೆಯಿದ್ದರೆ ಅವುಗಳ ಮೇಲೆ ಗಾಡಿಯ ಭಾರದ ಸುಮಾರು ಅರ್ಧ ಪಾಲು ಮಾತ್ರ ಇರುತ್ತದೆ. ಆಗ ಏರುವುದಕ್ಕೆ ಸುಮಾರು ಎರಡರಷ್ಟು ಒಳ್ಳೆಯ ನೆಲ ಬೇಕಾಗುತ್ತದೆ. ನಾಲ್ಕು ಚಕ್ರಗಳಿಗೂ ಚಾಲನೆ ಬೇಕೆಂದು ಮಲೆನಾಡಿನವರು ಹಟ ಹಿಡಿಯುವುದರ ಅರ್ಥ ಇದೇ. ಎತ್ತರವಾದ ಗಾಡಿಗಳೆಲ್ಲವೂ ನಾಲ್ಕು ಚಕ್ರಗಳಿಂದ ಎಳೆಯುವುದಿಲ್ಲ. ಮೇಲೆ ಹೇಳಿದ ಹ್ಯಾರಿಯರ್ ಇವಿಯಲ್ಲಿ ಹಿಂದಿನ ಚಕ್ರಗಳಿಗೆ ಮಾತ್ರ ಚಾಲನೆಯುಳ್ಳ ಮಾದರಿಗಳೂ ಇವೆ. ಹೊರಗಿನಿಂದ ನೋಡಿದವರಿಗೆ ಈ ವ್ಯತ್ಯಾಸ ಸುಲಭವಾಗಿ ಕಾಣದು, ಕೆಸರಿನಲ್ಲಿ ಕಾಣುತ್ತದೆ.

ನಾಲ್ಕು ಚಕ್ರಗಳಿಗೂ ಚಾಲನೆಯಿದ್ದ ಮಾತ್ರಕ್ಕೆ ಕಷ್ಟ ಮುಗಿಯಲಿಲ್ಲ. ಎಡಬಲದ ಚಕ್ರಗಳ ನಡುವೆ ಡಿಫರೆನ್ಷಿಯಲ್ ಎಂಬ ಹಲ್ಲುಚಕ್ರಗಳ ಜೋಡಣೆಯಿರುತ್ತದೆ. ತಿರುವಿನಲ್ಲಿ ಹೊರಗಿನ ಚಕ್ರವು ಒಳಗಿನದಕ್ಕಿಂತ ಹೆಚ್ಚು ದೂರ ಉರುಳಬೇಕಾದ್ದರಿಂದ ಅದು ಅವಶ್ಯ. ಆದರೆ ಅದರ ಸ್ವಭಾವವೇನೆಂದರೆ, ಎರಡು ಚಕ್ರಗಳಿಗೂ ಸಮನಾದ ತಿರುಗುಬಲವನ್ನೇ ಕೊಡುವುದು. ಒಂದು ಚಕ್ರ ಕೆಸರಿನಲ್ಲಿ ಬಿದ್ದು ಸುಮ್ಮನೆ ಗಿರಗಿರನೆ ತಿರುಗತೊಡಗಿದರೆ, ಗಟ್ಟಿ ನೆಲದ ಮೇಲಿರುವ ಇನ್ನೊಂದು ಚಕ್ರಕ್ಕೂ ಆ ಕೆಸರಿನ ಚಕ್ರಕ್ಕೆ ಸಿಕ್ಕಷ್ಟೇ ಅಲ್ಪಬಲ ಸಿಕ್ಕುತ್ತದೆ. ಒಂದು ಚಕ್ರ ಹುಚ್ಚೆದ್ದು ತಿರುಗುತ್ತಿರುವಾಗ ಪಕ್ಕದ ಚಕ್ರ ಅಲುಗಾಡದೆ ನಿಂತಿರುವ ದೃಶ್ಯವನ್ನು ನಾವೆಲ್ಲರೂ ನೋಡಿದ್ದೇವೆ. ಇದಕ್ಕೆ ಹಿಂದಿನ ಪರಿಹಾರವೆಂದರೆ ಡಿಫರೆನ್ಷಿಯಲನ್ನೇ ಬಿಗಿದು ಬೀಗ ಹಾಕುವುದು. ಈಗಿನ ಪರಿಹಾರ ಬೇರೆ. ತಿರುಗಿ ಪೋಲಾಗುತ್ತಿರುವ ಚಕ್ರಕ್ಕೆ ಮಾತ್ರ ಗಣಕವು ಬ್ರೇಕು ಹಾಕುತ್ತದೆ. ಆಗ ಆ ಕಡೆ ಪ್ರತಿರೋಧ ಹುಟ್ಟುವುದರಿಂದ ಈ ಕಡೆಯ ಚಕ್ರಕ್ಕೂ ಬಲ ಹರಿಯುತ್ತದೆ. ಒಂದೊಂದು ಚಕ್ರದ ವೇಗವನ್ನೂ ಬೇರೆ ಬೇರೆಯಾಗಿ ಅಳೆಯುವ ಉಪಕರಣಗಳಿಂದ ಇದು ಸಾಧ್ಯವಾಯಿತು. ಬಾಷ್ ಕಂಪನಿಯು ೧೯೭೮ರಲ್ಲಿ ಕಾರುಗಳಿಗೆ ತಂದ, ಚಕ್ರ ಬಿಗಿದುಹೋಗದಂತೆ ಕಾಯುವ ಎಬಿಎಸ್ ಬ್ರೇಕು ಇದಕ್ಕೆಲ್ಲ ತಳಹದಿ.

ವಿದ್ಯುತ್ ಮೋಟಾರಿನಿಂದ ಈ ಕೆಲಸ ಇನ್ನೂ ನಯವಾಗುತ್ತದೆ. ಡೀಸೆಲ್ ಇಂಜಿನ್ನು ನಿಂತಲ್ಲಿ ಬಲ ಕೊಡಲಾರದು. ಅದನ್ನು ಓಡುತ್ತಲೇ ಇಟ್ಟು, ಕ್ಲಚ್ಚನ್ನು ಅರ್ಧ ಹಿಡಿದು, ಗೇರಿನಿಂದ ಬಲವನ್ನು ಹಿಗ್ಗಿಸಬೇಕು. ಹೊಸ ಜೀಪು ಚಾಲಕನು ಏರಿನಲ್ಲಿ ಇಂಜಿನ್ನು ಆರಿಸಿಕೊಂಡು ಬೆವರುವುದು ಇಲ್ಲಿಯೇ. ವಿದ್ಯುತ್ ಮೋಟಾರಿಗಾದರೋ ತಿರುಗಲು ತೊಡಗುವ ಮೊದಲೇ ಪೂರ್ಣಬಲವಿರುತ್ತದೆ. ಕ್ಲಚ್ಚೂ ಇಲ್ಲ, ಆರಿಹೋಗುವ ಭಯವೂ ಇಲ್ಲ. ಚಕ್ರ ಜಾರಿತೆಂದು ತಿಳಿದ ಕ್ಷಣವೇ ವಿದ್ಯುತ್ ಪ್ರವಾಹವನ್ನು ತಗ್ಗಿಸಿ ಬಲವನ್ನು ಕಡಿಮೆ ಮಾಡಬಹುದು. ಇಂಜಿನ್ನಿನಲ್ಲಿ ಗಾಳಿ, ಇಂಧನಗಳನ್ನು ತಗ್ಗಿಸಿ ಅದು ಮೆತ್ತಗಾಗುವುದಕ್ಕೆ ಇದಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ. ೨೦೨೪ರಲ್ಲಿ ಪ್ರಕಟವಾದ ಮರ್ಸಿಡಿಸ್ ಕಂಪನಿಯ ವಿದ್ಯುತ್ ಜಿ-ಕ್ಲಾಸ್ ಗಾಡಿಯಲ್ಲಂತೂ ಚಕ್ರಕ್ಕೊಂದರಂತೆ ನಾಲ್ಕು ಮೋಟಾರುಗಳೇ ಇವೆ. ಎಡದ ಚಕ್ರಗಳನ್ನು ಒಂದು ದಿಕ್ಕಿಗೂ ಬಲದವನ್ನು ಇನ್ನೊಂದು ದಿಕ್ಕಿಗೂ ತಿರುಗಿಸಿ, ಸಡಿಲ ನೆಲದ ಮೇಲೆ ಅದು ನಿಂತಲ್ಲಿಯೇ ಬುಗುರಿಯಂತೆ ಸುತ್ತಬಲ್ಲದು.

ಹಾಗಾದರೆ ಮೋಡ್‌ಗಳೆಂದರೇನು? ಒಂದೇ ಅಡಿಗೆಯ ಸಾಮಗ್ರಿಯನ್ನು ಬೇರೆ ಬೇರೆ ಪ್ರಮಾಣದಲ್ಲಿ ಬೆರೆಸಿದಂತೆ ಇವೂ ಒಂದು ಬಗೆಯ ಪಾಕ. ಕಾಲಿನ ಒತ್ತಿಗೆ ಮೋಟಾರು ಎಷ್ಟು ಚುರುಕಾಗಿ ಓಗೊಡಬೇಕು, ಚಕ್ರ ಎಷ್ಟರಮಟ್ಟಿಗೆ ಜಾರಿದರೆ ಸುಮ್ಮನಿರಬೇಕು, ಮುಂದಿನ ಹಿಂದಿನ ಚಕ್ರಗಳಿಗೆ ಬಲವನ್ನು ಹೇಗೆ ಹಂಚಬೇಕು, ಬ್ರೇಕು ಯಾವಾಗ ನಡುವೆ ಪ್ರವೇಶಿಸಬೇಕು ಎಂಬ ನಾಲ್ಕು ವಿಷಯಗಳೇ ಆ ಸಾಮಗ್ರಿ. ನೆಲಕ್ಕೊಂದು ಪಾಕವನ್ನು ಗುಂಡಿಗೊಂದರಂತೆ ಜೋಡಿಸುವ ಏರ್ಪಾಟನ್ನು ೨೦೦೪ರಲ್ಲಿ ಲ್ಯಾಂಡ್ ರೋವರ್ ಕಂಪನಿಯು ತನ್ನ ಡಿಸ್ಕವರಿ ಗಾಡಿಯಲ್ಲಿ ಪ್ರಚಾರಕ್ಕೆ ತಂದಿತು. ಹುಲ್ಲು ಅಥವಾ ಹಿಮದ ಮೋಡಿನಲ್ಲಿ ಗಾಡಿ ಬಹಳ ಮೆದುವಾಗಿ ಹೊರಡುತ್ತದೆ. ಏಕೆಂದರೆ ಅಲ್ಲಿ ಒಮ್ಮೆ ಹಿಡಿತ ತಪ್ಪಿದರೆ ಮತ್ತೆ ಸಿಕ್ಕುವುದು ಕಷ್ಟ. ಕೆಸರಿನ ಮೋಡಿನಲ್ಲಿ ಚಕ್ರ ಸ್ವಲ್ಪ ಜಾರಿ ತಿರುಗುವುದಕ್ಕೆ ಅವಕಾಶವುಂಟು. ಟಯರಿನ ಗಾಡಿಗಳಲ್ಲಿ ತುಂಬಿದ ಮಣ್ಣನ್ನು ಎರಚಿ ಕೆಳಗಿನ ಗಟ್ಟಿ ನೆಲವನ್ನು ಕಚ್ಚಬೇಕಾದರೆ ಹಾಗೆ ತಿರುಗಲೇಬೇಕು. ಮರಳಿನಲ್ಲಿ ಓಟದ ರಭಸವೇ ಬಂಡವಾಳ. ಅಲ್ಲಿ ಗಣಕವು ಪದೇ ಪದೇ ಬಲವನ್ನು ಕತ್ತರಿಸಿದರೆ ಗಾಡಿ ನಿಂತು ಹೂತುಹೋಗುತ್ತದೆ. ಆದ್ದರಿಂದ ಆ ಮೋಡಿನಲ್ಲಿ ಜಾರಿಕೆಗೆ ಹೆಚ್ಚಿನ ಸಲಿಗೆ. ಬಂಡೆಯ ಮೋಡಿನಲ್ಲಾದರೋ ಇದಕ್ಕೆ ತದ್ವಿರುದ್ಧ: ಕಾಲನ್ನು ಇಂಚು ಒತ್ತಿದರೆ ಗಾಡಿ ಇಂಚು ಸರಿಯಬೇಕು, ಗಾಳಿಯಲ್ಲಿ ತೂಗುವ ಚಕ್ರವನ್ನು ಬ್ರೇಕು ಕೂಡಲೇ ಹಿಡಿಯಬೇಕು.

ಇನ್ನು ಇಳಿಜಾರಿನ ವಿಚಾರ. ಏರುವಾಗ ಹಿಡಿತ ತಪ್ಪಿದರೆ ಗಾಡಿ ಬಹುಮಟ್ಟಿಗೆ ನಿಲ್ಲುತ್ತದೆ. ಇಳಿಯುವಾಗ ತಪ್ಪಿದರೆ ಓಡುತ್ತದೆ. ಆದುದರಿಂದ ಅನುಭವಿಗಳು ಏರಿಗಿಂತ ಇಳಿಜಾರಿಗೆ ಹೆಚ್ಚು ಹೆದರುತ್ತಾರೆ. ‘ಹತ್ತಿದ ಗೇರಿನಲ್ಲೇ ಇಳಿ’ ಎಂಬುದು ನಮ್ಮ ಕಡೆಯ ಜೀಪು ಚಾಲಕರ ಸೂತ್ರ. ಕೊಡಗಿನ ಮಾಂದಲಪಟ್ಟಿಯ ಕಲ್ಲುದಾರಿಯಲ್ಲಿ ಪ್ರವಾಸಿಗರನ್ನು ಕರೆದೊಯ್ಯುವ ಜೀಪಿನವರೂ, ನಮ್ಮ ತೋಟದ ಚಾಲಕರೂ ಮಾಡುವುದು ಇದನ್ನೇ. ಕೆಳಗಿನ ಗೇರಿನಲ್ಲಿ ಚಕ್ರವು ಇಂಜಿನ್ನನ್ನು ತಿರುಗಿಸಬೇಕಾಗುತ್ತದೆ. ಇಂಜಿನ್ನಿನೊಳಗಣ ಒತ್ತಡ, ಉಜ್ಜಾಟಗಳು ಅದನ್ನು ತಡೆಯುತ್ತವೆ. ಬ್ರೇಕಿಗೆ ಕಾಲಿಡದೆ ಗಾಡಿ ನಿಧಾನವಾಗಿ ಇಳಿಯುತ್ತದೆ. ೧೯೯೭ರಲ್ಲಿ ಲ್ಯಾಂಡ್ ರೋವರ್ ಕಂಪನಿಯ ಫ್ರೀಲ್ಯಾಂಡರ್ ಗಾಡಿಯಲ್ಲಿ ಇಂಥ ಕೆಳಗೇರಿನ ಪೆಟ್ಟಿಗೆ ಇರಲಿಲ್ಲ. ಆ ಕೊರತೆಯನ್ನು ತುಂಬಲು ಎಬಿಎಸ್ ಬ್ರೇಕನ್ನೇ ಬಳಸಿಕೊಂಡು ‘ಹಿಲ್ ಡಿಸೆಂಟ್ ಕಂಟ್ರೋಲ್’ ಎಂಬ ಇಳಿಜಾರು ನಿಯಂತ್ರಣವನ್ನು ಅವರು ಮೊದಲು ಹೊರತಂದರು. ಚಾಲಕನು ಎರಡು ಕಾಲುಗಳನ್ನೂ ತೆಗೆದಿಟ್ಟರೆ ಗಣಕವೇ ನಾಲ್ಕು ಚಕ್ರಗಳ ಬ್ರೇಕನ್ನು ಬೇರೆ ಬೇರೆಯಾಗಿ ಹಿಡಿದು ಬಿಡುತ್ತ, ನಡೆಯುವ ಮನುಷ್ಯನ ವೇಗದಲ್ಲಿ ಗಾಡಿಯನ್ನು ಇಳಿಸುತ್ತದೆ. ಮನುಷ್ಯನ ಕಾಲು ನಾಲ್ಕು ಚಕ್ರಗಳಿಗೂ ಒಟ್ಟಿಗೇ ಒತ್ತಬಲ್ಲುದೇ ಹೊರತು ಜಾರುವ ಒಂದನ್ನು ಬಿಟ್ಟು ಉಳಿದ ಮೂರಕ್ಕೆ ಒತ್ತಲಾರದು. ಈ ಒಂದು ವಿಷಯದಲ್ಲಿ ಯಂತ್ರವು ನಿಸ್ಸಂದೇಹವಾಗಿ ನಮ್ಮನ್ನು ಮೀರಿಸಿದೆ.

ವಿದ್ಯುತ್ ಗಾಡಿಯಲ್ಲಿ ಇಂಜಿನ್ನಿನ ತಡೆಯಿಲ್ಲ. ಅದಕ್ಕೆ ಬದಲಾಗಿ ಮೋಟಾರೇ ಇಳಿಯುವಾಗ ಜನರೇಟರಾಗಿ ಕೆಲಸ ಮಾಡುತ್ತದೆ. ಚಕ್ರಗಳು ಅದನ್ನು ತಿರುಗಿಸುತ್ತವೆ; ಅದು ವಿದ್ಯುತ್ತನ್ನು ಉತ್ಪಾದಿಸಿ ಬ್ಯಾಟರಿಗೆ ಕಳುಹಿಸುತ್ತದೆ; ಆ ಪ್ರಯಾಸದಲ್ಲಿ ಗಾಡಿಯ ವೇಗ ತಗ್ಗುತ್ತದೆ. ಇದರ ಪ್ರಮಾಣವನ್ನು ಲೆಕ್ಕ ಹಾಕಿ ನೋಡಬಹುದು. ಜನ, ಸಾಮಾನು ಸೇರಿ ೨,೫೦೦ ಕಿಲೋಗ್ರಾಂ ತೂಗುವ ಗಾಡಿ ೧,೦೦೦ ಮೀಟರು ಎತ್ತರದಿಂದ ಇಳಿಯುತ್ತದೆಂದು ಇಟ್ಟುಕೊಳ್ಳಿ. ಆಗ ಬಿಡುಗಡೆಯಾಗುವ ಶಕ್ತಿ ಸುಮಾರು ೬.೮ ಯೂನಿಟ್ಟು. ಗಾಳಿಯ ತಡೆ, ಉರುಳುವಿಕೆಯ ತಡೆಗಳಿಗೆ ಹೋದದ್ದು ಕಳೆದು ೪ ಯೂನಿಟ್ಟು ಬ್ಯಾಟರಿಗೆ ಮರಳಿದರೂ ಸಮತಟ್ಟಾದ ರಸ್ತೆಯಲ್ಲಿ ಇಪ್ಪತ್ತು ಕಿಲೋಮೀಟರಿನ ಓಟಕ್ಕೆ ಸಾಕು. ಇಷ್ಟೂ ಶಕ್ತಿಯನ್ನು ಬ್ರೇಕುಗಳೇ ತಿನ್ನಬೇಕಾಗಿ ಬಂದಿದ್ದರೆ? ೬.೮ ಯೂನಿಟ್ಟು ಎಂದರೆ ಸುಮಾರು ಎಪ್ಪತ್ತು ಲೀಟರು ತಣ್ಣೀರನ್ನು ಕುದಿಸುವಷ್ಟು ಶಾಖ. ಒಂದು ದೊಡ್ಡ ಹಂಡೆಯ ನೀರು. ನಾಲ್ಕು ಬ್ರೇಕು ತಟ್ಟೆಗಳು ಅಷ್ಟನ್ನು ಹೀರಬೇಕೆಂದರೆ ಅವು ಕಾಯ್ದು, ಹಿಡಿಯುವ ಶಕ್ತಿಯನ್ನೇ ಕಳೆದುಕೊಳ್ಳುವ ಸಂಭವವುಂಟು. ಘಟ್ಟವಿಳಿದ ಲಾರಿಗಳಿಂದ ಸುಟ್ಟ ವಾಸನೆ ಬರುವುದು ಈ ಕಾರಣದಿಂದಲೇ.

ಮಲೆನಾಡಿನವರು ವಿಶೇಷವಾಗಿ ಗಮನಿಸಬೇಕಾದ ಸಂಗತಿ ಇಲ್ಲಿದೆ. ಬ್ಯಾಟರಿ ಪೂರ್ತಿ ತುಂಬಿದ್ದರೆ ಇಳಿಯುವಾಗ ಹುಟ್ಟುವ ವಿದ್ಯುತ್ತನ್ನು ಇಡಲು ಜಾಗವಿರುವುದಿಲ್ಲ. ತುಂಬಿದ ಕೊಡಕ್ಕೆ ನೀರು ಹೊಯ್ಯಲಾದೀತೇ? ಆಗ ಮೋಟಾರಿನ ತಡೆ ಬಹಳ ಕಡಿಮೆಯಾಗಿ, ಗಾಡಿಯು ಬ್ರೇಕನ್ನೇ ನೆಚ್ಚಬೇಕಾಗುತ್ತದೆ. ಬ್ಯಾಟರಿ ತುಂಬ ತಣ್ಣಗಿದ್ದರೂ ಹೀಗೆಯೇ. ಬಯಲುಸೀಮೆಯವರು ರಾತ್ರಿ ಚಾರ್ಜು ಮಾಡಿ ಬೆಳಗ್ಗೆ ಸಮನೆಲದಲ್ಲಿ ಹೊರಡುತ್ತಾರೆ. ಅವರಿಗೆ ಇದರಿಂದ ಬಾಧಕವಿಲ್ಲ. ನಮ್ಮಲ್ಲಿ ಮನೆ ಗುಡ್ಡದ ಮೇಲೆ, ಪೇಟೆ ಕೆಳಗೆ. ರಾತ್ರಿಯೆಲ್ಲ ಚಾರ್ಜು ಮಾಡಿ ತುಂಬಿದ ಬ್ಯಾಟರಿಯೊಡನೆ ಮೊದಲ ಮೈಲಿನಲ್ಲಿಯೇ ಕಡಿದಾದ ಇಳಿಜಾರು ಎದುರಾಗುತ್ತದೆ. ಆದುದರಿಂದ ಗುಡ್ಡದ ಮೇಲಿನ ಮನೆಯವರು ನೂರಕ್ಕೆ ಎಂಬತ್ತು ಎಂಬತ್ತೈದರ ಹೊತ್ತಿಗೆ ಚಾರ್ಜನ್ನು ನಿಲ್ಲಿಸುವುದು ವಿವೇಕ. ಗಾಡಿಯಲ್ಲಿಯೇ ಈ ಮಿತಿಯನ್ನು ಗೊತ್ತುಮಾಡುವ ಸೌಕರ್ಯ ಸಾಮಾನ್ಯವಾಗಿ ಇರುತ್ತದೆ.

ಇದರಿಂದ ಇನ್ನೊಂದು ವಿವೇಚನೆಯೂ ಹೊರಡುತ್ತದೆ. ಇಳಿಜಾರು ನಿಯಂತ್ರಣವು ಕಡಿದಾದ, ಸಡಿಲವಾದ, ಗಿಡ್ಡ ದಾರಿಗಳಿಗೆಂದು ಇರುವುದು. ಆಮೆಯ ವೇಗದಲ್ಲಿ ಜನರೇಟರಿನ ತಡೆ ದುರ್ಬಲವಾಗುವುದರಿಂದ ಅಲ್ಲಿ ಬ್ರೇಕೇ ಹೆಚ್ಚು ದುಡಿಯುತ್ತದೆ. ಚಾರ್ಮಾಡಿ, ಆಗುಂಬೆಗಳಂಥ ಉದ್ದನೆಯ ಡಾಂಬರು ಘಟ್ಟಗಳಲ್ಲಿ ಇದು ಬೇಡ. ಅಲ್ಲಿ ಮೋಟಾರಿನ ತಡೆಯನ್ನು ಹೆಚ್ಚಿನ ಮಟ್ಟಕ್ಕೆ ಇಟ್ಟುಕೊಂಡು, ತಿರುವಿಗೆ ಮುಂಚೆ ಬ್ರೇಕನ್ನು ಮಿತವಾಗಿ ಬಳಸುವುದೇ ಸರಿಯಾದ ಕ್ರಮ.

ಬಳಸುವ ರೀತಿಯನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಕಷ್ಟದ ಜಾಗಕ್ಕೆ ಮುಂಚೆ ಸಮನೆಲದಲ್ಲಿ ಗಾಡಿಯನ್ನು ನಿಲ್ಲಿಸಿ, ಕೆಳಗಿಳಿದು, ದಾರಿಯನ್ನು ನಡೆದು ನೋಡತಕ್ಕದ್ದು. ಮೋಡನ್ನು ಅಲ್ಲಿಯೇ ಆರಿಸಿಕೊಳ್ಳಬೇಕು; ಕೆಸರಿನ ನಡುವೆ ಸಿಕ್ಕಿಬಿದ್ದ ಮೇಲೆ ಅಲ್ಲ. ಇಳಿಜಾರು ನಿಯಂತ್ರಣವನ್ನೂ ತುದಿ ದಾಟುವ ಮೊದಲೇ ಹಾಕಿ, ಅತಿ ಕಡಿಮೆ ವೇಗವನ್ನು ಗೊತ್ತುಮಾಡಬೇಕು. ಬಳಿಕ ಕಾಲನ್ನು ಎರಡು ಪೆಡಲುಗಳಿಂದಲೂ ತೆಗೆದು, ಬ್ರೇಕಿನ ಹತ್ತಿರ ಸಿದ್ಧವಾಗಿಟ್ಟುಕೊಂಡು, ಸ್ಟಿಯರಿಂಗಿನ ಕಡೆಗೆ ಪೂರ್ಣ ಗಮನ ಕೊಡಬೇಕು. ಗಾಡಿ ಇಳಿಜಾರಿಗೆ ನೇರವಾಗಿರಲಿ. ಅಡ್ಡಲಾದರೆ ಮಗುಚುವ ಭಯವುಂಟು. ಗರಗರ ಸದ್ದು ಬಂದರೆ ಬೆದರಬೇಕಾಗಿಲ್ಲ; ಅದು ಬ್ರೇಕಿನ ಪಂಪು ದುಡಿಯುವ ಸದ್ದು. ಯಾವ ಕಾರಣಕ್ಕೂ ನ್ಯೂಟ್ರಲಿಗೆ ಹಾಕಕೂಡದು. ಡಾಂಬರಿಗೆ ಬಂದೊಡನೆ ಸಾಮಾನ್ಯ ಮೋಡಿಗೆ ಮರಳಬೇಕು. ಎಲ್ಲಕ್ಕಿಂತ ಮಿಗಿಲಾಗಿ ಟಯರನ್ನು ನೋಡಿಕೊಳ್ಳಬೇಕು. ನೆಲವನ್ನು ಮುಟ್ಟುವುದು ಅದೊಂದೇ. ನುಣುಪಾದ ರಸ್ತೆಯ ಟಯರು ಹಾಕಿದ ಗಾಡಿಗೆ ಹತ್ತು ಮೋಡ್‌ಗಳಿದ್ದರೂ ಕೆಸರಿನಲ್ಲಿ ಪ್ರಯೋಜನ ಅಷ್ಟಕ್ಕಷ್ಟೆ.

ವಿದ್ಯುತ್ ಗಾಡಿ ತೂಕದ್ದಲ್ಲವೇ, ಹೆಚ್ಚು ಜಾರೀತಲ್ಲವೇ ಎಂದು ಕೆಲವರು ಕೇಳುವುದುಂಟು. ತೂಕ ಹೆಚ್ಚಿದಂತೆ ಕೆಳಗೆಳೆಯುವ ಬಲವೂ ಹೆಚ್ಚುತ್ತದೆ, ಹಿಡಿತವೂ ಅದೇ ಪ್ರಮಾಣದಲ್ಲಿ ಹೆಚ್ಚುತ್ತದೆ. ಆದುದರಿಂದ ಗಟ್ಟಿ ನೆಲದ ಮೇಲೆ ಜಾರುವ ವಿಷಯದಲ್ಲಿ ಬಹಳ ವ್ಯತ್ಯಾಸವಿಲ್ಲ. ಆದರೆ ಮೆತ್ತನೆಯ ನೆಲದಲ್ಲಿ ಭಾರದ ಗಾಡಿ ಬೇಗ ಹೂಳುತ್ತದೆ. ಬ್ರೇಕಿಗೆ ಬೀಳುವ ಶಾಖವೂ ಹೆಚ್ಚು. ಬ್ಯಾಟರಿ ನೆಲಗಟ್ಟಿನ ಕೆಳಗಿರುವುದರಿಂದ ಗಾಡಿ ಸುಲಭವಾಗಿ ಮಗುಚದೆಂಬುದು ಅನುಕೂಲ. ತಳಕ್ಕೆ ಕಲ್ಲು ತಗುಲದಂತೆ ಎಚ್ಚರ ವಹಿಸಬೇಕಾಗುವುದು ಅನಾನುಕೂಲ.

ಇಷ್ಟೆಲ್ಲ ಇದ್ದ ಮೇಲೆ ಚಾಲಕನಿಗೆ ಉಳಿದ ಕೆಲಸವೇನು? ಈ ಪ್ರಶ್ನೆ ನಮ್ಮಂಥ ಮನೆಗಳಲ್ಲಿ ಅನ್ನದ ಪ್ರಶ್ನೆಯೂ ಹೌದು. ‘ಇನ್ನು ಮೇಲೆ ಯಾರು ಬೇಕಾದರೂ ಓಡಿಸಬಹುದು’ ಎಂಬ ಮಾತು ತೋಟದಲ್ಲಿ ಕೇಳಿಬಂದಾಗ ತಂದೆಯವರು ಏನನ್ನೂ ಹೇಳಲಿಲ್ಲ. ಒಂದು ದಿನ ಮಳೆ ನಿಂತ ಮೇಲೆ ತೋಟದ ಕಣದಿಂದ ಕೆಳಗಿನ ಹಳ್ಳದವರೆಗೆ ಆ ಗಾಡಿಯನ್ನು ಅವರು ಇಳಿಸಿದರು. ನಾನು ಪಕ್ಕದಲ್ಲಿ ಕುಳಿತಿದ್ದೆ. ಇಳಿಜಾರು ನಿಯಂತ್ರಣ ತನ್ನ ಕೆಲಸವನ್ನು ಚೆನ್ನಾಗಿಯೇ ಮಾಡುತ್ತಿತ್ತು. ತಿರುವಿನ ಹತ್ತಿರ ಕೆಮ್ಮಣ್ಣು ನೀರು ಕುಡಿದು ಹೊಳೆಯುತ್ತಿತ್ತು. ಆ ಹೊಳಪನ್ನು ಕಂಡೊಡನೆ ತಂದೆಯವರು ಚಕ್ರಗಳನ್ನು ದಾರಿಯಂಚಿನ ಜಲ್ಲಿಯ ಕಡೆಗೆ ಮೆಲ್ಲಗೆ ಸರಿಸಿದರು. ಹಿಂದಿನ ಒಂದು ಚಕ್ರ ಹೊಳಪಿನ ಮೇಲೆ ಹಾದು ಗೇಣುದ್ದ ಜಾರಿತು; ಕೂಡಲೇ ಗಣಕವು ಅದನ್ನು ಹಿಡಿಯಿತು. ಉಳಿದ ಮೂರು ಜಲ್ಲಿಯ ಮೇಲಿದ್ದವು. ‘ಇದಕ್ಕೆ ಕಾಲು ಗಟ್ಟಿಯಾಗಿದೆ, ನೋಡುವುದು ನಾವೇ’ ಎಂದರು.

ಆ ಮಾತಿನಲ್ಲಿ ವಿಷಯವೆಲ್ಲ ಅಡಗಿದೆ. ಹಿಡಿತವನ್ನು ಕಾಯುವ ಗಣಕಕ್ಕೆ ನೆಲದ ಗುಣ ತಿಳಿಯುವುದು ಚಕ್ರ ಜಾರಿದ ಮೇಲೆ. ಚಾಲಕನಿಗೆ ತಿಳಿಯುವುದು ಜಾರುವ ಮೊದಲು. ಹೊಸ ಗಾಡಿಗಳಲ್ಲಿ ತಳದ ನೆಲವನ್ನು ಪರದೆಯ ಮೇಲೆ ತೋರಿಸುವ ಕ್ಯಾಮೆರಾಗಳಿವೆ, ನಿಜ. ಆದರೆ ತೋರಿಸಿದ್ದನ್ನು ಓದಿ, ಇದು ಗಟ್ಟಿ, ಇದು ಜಾರು, ಇದರ ಕೆಳಗೆ ಟೊಳ್ಳು ಎಂದು ತೀರ್ಮಾನಿಸುವವನು ಮನುಷ್ಯನೇ. ಯಂತ್ರದ ಕಾಲಿನ ಚುರುಕೂ ಮನುಷ್ಯನ ಕಣ್ಣಿನ ಅನುಭವವೂ ಕೂಡಿದಾಗ ಮಾತ್ರ ಇಳಿಜಾರು ಸುರಕ್ಷಿತವಾಗುತ್ತದೆ.

ಕೂಡಬೇಕಾದರೆ ಯಂತ್ರದ ಭಾಷೆ ಚಾಲಕನಿಗೆ ತಿಳಿದಿರಬೇಕು. ಎಷ್ಟೋ ವರ್ಷ ಘಟ್ಟದಲ್ಲಿ ಗಾಡಿ ಓಡಿಸಿದವರು ಇಂಗ್ಲಿಷಿನ ಅಕ್ಷರಗಳೆದುರು ಹೊಸಬರಂತೆ ಕೂರಬೇಕಾಗಿರುವುದು ಸರಿಯಲ್ಲ. ಮಾರುವವರು ಕನ್ನಡದ ಕೈಪಿಡಿ ಕೊಡಬೇಕು. ಮಾಲೀಕರು ಚಾಲಕರಿಗೆ ತರಬೇತಿ ಕೊಡಿಸಬೇಕು. ಅಷ್ಟರವರೆಗೆ, ಭಾಷೆಗಳನ್ನು ಅಭ್ಯಾಸ ಮಾಡುವ ನಾವು ನಮ್ಮ ನಮ್ಮ ಊರುಗಳಲ್ಲಿ ಇಂಥ ಹತ್ತು ಪುಟಗಳನ್ನು ಓದಿ ಹೇಳಿದರೂ ಅದು ಸಣ್ಣ ಕೆಲಸವಲ್ಲವೆಂದು ನನ್ನ ನಂಬಿಕೆ.